ಬದನೆಕಾಯಿ ಪಾಠ

ಇವು ಸರ್ಕಾರಿ ಶಾಲೆಯ ಮಕ್ಕಳಲ್ಲ. ಮಂಜುಳಮ್ಮನಿಗೆ ನೋಡಿದ ಕೂಡಲೇ ಗೊತ್ತಾಗಿಹೋಯಿತು.

ರಿಚರ್ಡ್ಸ್ ಟೌನಿನ ತರಬೇತಿ ಹಾಲಿನ ಮುಂದುಗಡೆ ಚಾಪೆ ಹಾಸಿ ಮಕ್ಕಳನ್ನು ಕೂರಿಸಿದ್ದರು. ಎಣ್ಣೆ ಹಚ್ಚಿ ಬಾಚಿದ ತಲೆ, ಶುಭ್ರವಾಗಿ ಒಗೆದ ಸಮವಸ್ತ್ರ. ಹಿಂದಿನ ಕುರ್ಚಿಗಳಲ್ಲಿ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸುವ ಮೇಷ್ಟ್ರುಗಳು, ಮಿಸ್ಸುಗಳು. ತರಬೇತಿ ಕೊಡುವ ಪ್ರಿಯದರ್ಶಿನಿ, ಮಂಜುಳಮ್ಮನ ಮಗಳಾಗಬಹುದಾದ ವಯಸ್ಸಿನವಳು, ಚೀಲದಿಂದ ಒಂದು ಬದನೆಕಾಯಿ ತೆಗೆದು ಎತ್ತಿ ಹಿಡಿದಳು. ಮೂಗುಬೊಟ್ಟಿನ ಹುಡುಗಿಯೊಬ್ಬಳು ಎದ್ದು ನಿಂತು, ಅದರ ಬಣ್ಣ ಯಾವುದು, ಅದು ತನಗೆ ಯಾಕೆ ಸೇರುವುದಿಲ್ಲ ಎಂಬುದನ್ನೆಲ್ಲ ಇಂಗ್ಲಿಷಿನಲ್ಲೇ ಹೇಳಿ ಕೂತಳು. ಹಾಲಿನ ತುಂಬ ಚಪ್ಪಾಳೆ ಬಿತ್ತು.

"ಒಂದನೇ ಕ್ಲಾಸಂತೆ! ಜೂನ್‌ನಲ್ಲಿ ಸೇರಿದ್ವಂತೆ! ಯಾರ ಕಿವಿ ಮೇಲೆ ಹೂ ಇಡ್ತಾಳೆ ಇವಳು?" ಎಂದು ಮಂಜುಳಮ್ಮ ಹಲ್ಲು ಕಡಿದಳು.

"ಬಿಡಿ ಮೇಡಂ, ಟೀ ಬರೋ ಹೊತ್ತು," ಎಂದಳು ಪಕ್ಕದ ಜಹನಾರಾ, ಹಲಸೂರಿನ ಶಾಲೆಯವಳು. "ನಿಮ್ದು ಸಕ್ಕರೆ ಕಮ್ಮಿ ಅಲ್ವಾ, ನಾನೇ ತರ್ತೀನಿ." ಎಲ್ಲ ತರಬೇತಿಗಳಲ್ಲೂ ಇಬ್ಬರೂ ಅಕ್ಕಪಕ್ಕವೇ ಕೂರುವುದು.

ಬಿಡುವುದು ಹೇಗೆ? ಬೆಳಗ್ಗೆ ಈ ಮಕ್ಕಳ ಪಾಠ ಶುರುವಾದಾಗಲೇ ಶಿಕ್ಷಣಾಧಿಕಾರಿ ಚಿಕ್ಕವೆಂಕಟಪ್ಪ ತುಂಬಿದ ಸಭೆಯಲ್ಲಿ ಮಂಜುಳಮ್ಮನನ್ನೇ ನೋಡುತ್ತ ಹೇಳಿದ್ದ: "ಆ ಮಕ್ಕಳಿಗೆ ಬರುತ್ತೆ, ನಿಮ್ಮ ಮಕ್ಕಳಿಗೆ ಬರಲ್ಲ ಅಂದ್ರೆ ತಪ್ಪು ಯಾರದು? ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಳಂತೆ!" ಹೋದ ವರ್ಷ ಅವಳ ಕ್ಲಾಸಿನ ಮಕ್ಕಳು ಅವನೆದುರು ಎ ಬಿ ಸಿಗೇ ತೊದಲಿದ್ದವು. ಈ ವರ್ಷವೂ ಹಾಗಾದರೆ ಸೀದಾ ಆನೇಕಲ್ಲಿನ ಗಡಿಗೆ ವರ್ಗ. ಮನೆಯಲ್ಲಿ ಪಾರ್ಶ್ವವಾಯು ಬಡಿದ ಗಂಡ. ಅವನನ್ನು ಎತ್ತಿ ಕೂರಿಸಲು ಅವಳನ್ನು ಬಿಟ್ಟರೆ ಯಾರೂ ಇಲ್ಲ.

ಕುಣಿಯೋಕೆ ಬಾರದವಳಂತೆ! ಇಡೀ ವಲಯದಲ್ಲಿ ಅವಳಷ್ಟು ತರಬೇತಿ ಪಡೆದವರು ಇನ್ಯಾರಿದ್ದಾರೆ? ಈ ವರ್ಷ ಶಾಲೆ ತೆರೆದ ದಿನವೇ ಹಲಸೂರಿನಲ್ಲಿ ಶುರು. ಅದು ಮುಗಿಯಿತು ಅನ್ನುವಷ್ಟರಲ್ಲಿ ಇಂದಿರಾನಗರ, ನಡುವೆ ಮತದಾರರ ಪಟ್ಟಿಯ ಕೆಲಸ, ಆಮೇಲೆ ಕೆ.ಆರ್. ಪುರ, ಈಗ ಇಲ್ಲಿ. ರಾಮಮೂರ್ತಿ ನಗರದ ಹುಣಸೆಮರದ ಶಾಲೆಯಲ್ಲಿ ಒಂದನೇ ತರಗತಿ ಅವಳದು. ಹೆಡ್ ಮಿಸ್ ಆಂಜನಮ್ಮನದು ಪ್ರತಿ ಸಲ ಒಂದೇ ರಾಗ: "ಇಂಗ್ಲಿಷ್ ಸರಿಯಾಗಿ ಬರೋದು ನಿಮಗೊಬ್ಬರಿಗೇ, ನೀವೇ ಹೋಗ್ಬನ್ನಿ." ಬೆಳಗಾದರೆ ಟಿನ್ ಫ್ಯಾಕ್ಟರಿಯಲ್ಲಿ ಬಸ್ಸಿಗೆ ಜೋತುಬಿದ್ದು ಹೋಗಿದ್ದೇ ಹೋಗಿದ್ದು. ತರಬೇತಿಯಲ್ಲಿ ಕೊಟ್ಟ ಸೆಣಬಿನ ಚೀಲಗಳು ಅಟ್ಟದ ತುಂಬ. ಯಾವ ಹಾಲಿನಲ್ಲಿ ಯಾವ ಫ್ಯಾನು ತಿರುಗುವುದಿಲ್ಲ ಎಂಬುದೂ ಅವಳಿಗೆ ಬಾಯಿಪಾಠ. ಇಷ್ಟೆಲ್ಲ ದುಡಿದವಳಿಗೆ ನಿನ್ನೆ ಮೊನ್ನೆ ಬಂದ ಹುಡುಗಿ ಬದನೆಕಾಯಿ ತೋರಿಸುತ್ತಾಳೆ!

"ಯಾವ ಶಾಲೆ ಮಕ್ಕಳು ಅಂತ ಕೊನೇಲಿ ಹೇಳ್ತೀನಿ," ಎಂದು ಪ್ರಿಯದರ್ಶಿನಿ ಇವಳತ್ತ ನೋಡಿ ನಕ್ಕಳು. "ಒಂದು ಸರ್‌ಪ್ರೈಸ್ ಇದೆ."

ಆ ನಗೆಗೆ ಮಂಜುಳಮ್ಮನ ಮೈಯೆಲ್ಲ ಉರಿದುಹೋಯಿತು. ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು.

"ಈಗ್ಲೇ ಹೇಳಿ. ಯಾವ ಕಾನ್ವೆಂಟಿಂದ ಹಿಡ್ಕೊಂಡು ಬಂದ್ರಿ ಇವನ್ನ?"

ಪ್ರಿಯದರ್ಶಿನಿಯ ಬಾಯಿ ತೆರೆದೇ ಇತ್ತು. "ಮೇಡಂ... ನೀವೇ ಹೀಗಂತೀರಾ?"

"ನಾನಲ್ದೆ ಇನ್ಯಾರು ಅನ್ಬೇಕು? ಸರ್ಕಾರಿ ಶಾಲೆ ಮಕ್ಕಳು ಹೇಗಿರ್ತಾವೆ ಅಂತ ನನಗೆ ಗೊತ್ತಿಲ್ವಾ? ದುಡ್ಡಿರೋರ ಮಕ್ಕಳಿಗೆ ನಮ್ಮ ಯೂನಿಫಾರಂ ತೊಡಿಸಿ ನಾಟಕ ಆಡ್ತೀರಿ. ಆ ನಾಟಕ ನೋಡ್ಕೊಂಡು ಸಾಹೇಬ್ರು ನಮ್ಮನ್ನ ಆನೇಕಲ್‌ಗೆ ಎಸೀತಾರೆ!"

ಹಿಂದಿನ ಸಾಲಿನಿಂದ "ಹೌದ್ಹೌದು, ಕೇಳಿ ಮೇಡಂ" ಎಂದು ಯಾರೋ ಕೂಗಿದರು.

"ಕೂತ್ಕೊಳ್ರೀ!" ಎಂದು ಚಿಕ್ಕವೆಂಕಟಪ್ಪ ಗದರಿದ.

"ಕೂರಲ್ಲ ಸಾರ್. ನಿಮ್ಮೆದುರಿಗೇ ಬಣ್ಣ ಬಯಲು ಮಾಡ್ತೀನಿ."

ದಾಪುಗಾಲು ಹಾಕಿ ಮುಂದೆ ಹೋಗಿ, ಮೂಗುಬೊಟ್ಟಿನ ಹುಡುಗಿಯ ರಟ್ಟೆ ಹಿಡಿದು ಎಬ್ಬಿಸಿದಳು. "ಇಂಗ್ಲಿಷ್ ಬೇಡ, ಕನ್ನಡದಲ್ಲಿ ಹೇಳು. ಹೆಸರೇನು? ಅಪ್ಪ ಏನು, ಡಾಕ್ಟರಾ?"

ಹುಡುಗಿ ಹೆದರಲಿಲ್ಲ. "ಕಾವೇರಿ ರೀ. ನಮ್ಮಪ್ಪ ಹುಲಿಗೆಪ್ಪ ರೀ. ಗಾರಿ ಕೆಲ್ಸಕ್ಕ ಹೋಗ್ತಾನ್ರೀ."

ಸಭೆಯಲ್ಲಿ ಒಂದಿಬ್ಬರು ನಕ್ಕರು. ಮಂಜುಳಮ್ಮನಿಗೆ ಪಿತ್ತ ನೆತ್ತಿಗೇರಿತು. "ಯಾವ ಶಾಲೆ?"

"ರಾಮಮೂರ್ತಿ ನಗರದಾಗ ಹುಣಸಿಮರದ ಸಾಲಿ ರೀ."

"ನೋಡಿದ್ರಾ ಸಾರ್!" ಮಂಜುಳಮ್ಮ ಗೆದ್ದವಳಂತೆ ತಿರುಗಿದಳು. "ನನ್ನ ಶಾಲೆ ಹೆಸರನ್ನೇ ಉರು ಹೊಡೆಸಿದಾಳೆ! ನಾಚಿಕೆ ಆಗಲ್ವಾ? ಲೇ ಹುಡುಗಿ, ಇಂಗ್ಲಿಷ್ ಯಾರು ಕಲಿಸಿದ್ರು ನಿಂಗೆ?"

"ಎರಡನೇತ್ತೆ ಅಣ್ಣಮ್ಮ ಮಿಸ್ರೀ. ನಮ್ನೂ ಅವ್ರ ಕ್ಲಾಸಿನ್ಯಾಗ ಕುಂದ್ರಿಸ್ಕೋತಾರ್ರೀ."

ತನ್ನ ಶಾಲೆಯ ಎರಡನೇ ಕ್ಲಾಸಿನ ಅಣ್ಣಮ್ಮನ ಹೆಸರು ಕೇಳಿ ಮಂಜುಳಮ್ಮನ ಹಿಡಿತ ತುಸು ಸಡಿಲಾಯಿತು. ಆದರೆ ನಾಲಿಗೆ ಅಷ್ಟರಲ್ಲಿ ಮುಂದೆ ಹೋಗಿಯಾಗಿತ್ತು.

"ಹಾಗಾದ್ರೆ ಒಂದನೇ ಕ್ಲಾಸಿಗೆ ಮಿಸ್ಸೇ ಇಲ್ವಾ? ಯಾರು ನಿಮ್ಮ ಮಿಸ್? ಹೇಳು, ಎಲ್ರಿಗೂ ಕೇಳೋ ಹಾಗೆ ಹೇಳು!"

"ಮಂಜುಳಮ್ಮ ಮಿಸ್ರೀ," ಎಂದಳು ಕಾವೇರಿ, ಎಲ್ಲರಿಗೂ ಕೇಳುವ ಹಾಗೆ. "ನಾವಿನ್ನಾ ಅವ್ರನ್ನ ನೋಡಿಲ್ರೀ."