ಊರಿನ ಕುರ್ಚಿ

ವಿಶ್ವವಿದ್ಯಾಲಯದಲ್ಲಿ ಮೇಷ್ಟರು ಏನನ್ನು ಬೇಕಾದರೂ ಹೇಳಬಹುದಿತ್ತು. ಮಂತ್ರಿಯೂ ಬಾಯಿ ಮುಚ್ಚಿಸುವಂತಿರಲಿಲ್ಲ. ಆದರೆ ಪ್ರತಿ ತರಗತಿಯಲ್ಲೂ ಊರಿನವರಿಗೊಂದು ಕುರ್ಚಿ. ಚೀಟಿಯಲ್ಲಿ ಹೆಸರು ಬಂದವರು ಅದರಲ್ಲಿ ಕೂತು "ನಿಮಗೆ ಹೇಗೆ ಗೊತ್ತು?" ಎಂದು ಕೇಳಬಹುದು. ಸರಿಯಾದ ಉತ್ತರ ಸಿಕ್ಕರೆ ಸಹಿ ಹಾಕಬೇಕು. ಸಹಿ ಬೀಳದ ಪಾಠವನ್ನು ಮತ್ತೆ ಮಾಡುವಂತಿಲ್ಲ.

ಆ ಸೋಮವಾರ ಕುರ್ಚಿ ಸಿಕ್ಕಿದ್ದು ದುರುಗಪ್ಪನಿಗೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟು ಬೋರ್‌ವೆಲ್ ಕೊರೆಯುವವನು. ಪ್ರೊಫೆಸರ್ ವಿಮಲಾ ಹಂಚಿನಾಳ ಶುರುಮಾಡಿದ್ದೇ ಹೀಗೆ: ಊರಿನ ಬಾವಿಗಳನ್ನು ಬತ್ತಿಸಿದ್ದು ಬೋರ್‌ವೆಲ್‌ಗಳು.

ದುರುಗಪ್ಪನಿಗೆ ಮೈ ಉರಿಯಿತು. ತನ್ನ ಅನ್ನಕ್ಕೆ ಮಣ್ಣು ಹಾಕುವ ಈ ಪಾಠ ಇವತ್ತಿಗೇ ಮುಗಿಯಬೇಕು.

"ಅಕ್ಕೋರ, ನಿಮಗ ಹೆಂಗ ಗೊತ್ತಾತ್ರಿ?"

ವಿಮಲಾ ಮೂವತ್ತು ವರ್ಷದ ಅಳತೆಗಳನ್ನು ತೋರಿಸಿದರು. "ಹೊಸ ಬಡಾವಣಿಯೊಳಗ ನೀರು ಐನೂರು ಅಡಿಗೆ ಇಳದಾವ್ರಿ."

"ಸುಳ್ಳು. ಎಂಟುನೂರು. ಹ್ವಾದ ವಾರ ನಾನ ಕೊರದೀನಿ."

ತರಗತಿ ಗೊಳ್ಳೆಂದಿತು. ತನ್ನ ಮಾತಿನಿಂದ ಅವರ ಪಾಠವೇ ಗಟ್ಟಿಯಾಯಿತೆಂದು ಹೊಳೆದು ದುರುಗಪ್ಪನೂ ನಕ್ಕ.

ವಿಮಲಾ ಮಾತ್ರ ನಗಲಿಲ್ಲ. ಹಲಗೆಯ ಮೇಲಿದ್ದ ಐನೂರನ್ನು ಅಳಿಸಿ ಎಂಟುನೂರು ಎಂದು ತಿದ್ದಿ, ರೂಢಿಯಂತೆ ಪಕ್ಕದಲ್ಲಿ ತಿದ್ದಿಸಿದವರ ಹೆಸರು ಬರೆದರು: ದುರುಗಪ್ಪ ವಾಲೀಕಾರ. "ಮತ್ತೇನರ ಕೇಳೋದೈತೇನ್ರಿ?"

"ಇಲ್ರಿ, ನೀವು ಹೇಳಿದ್ದು ಖರೇ ಐತಿ. ಆದ್ರ ಕೊರಸಾಕ ನಮ್ಮನ್ನ ಕರಿಯೋರು ಯಾರು? ಅದನ್ನೂ ಬರೀರಿ."

ಅದನ್ನೂ ಬರೆದರು. ಅವನು ಸಹಿ ಹಾಕಿದ.

ಅರವತ್ತು ಮಂದಿ ತಲೆ ತಗ್ಗಿಸಿ ಅವನ ಹೆಸರನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದರು. ಕಡೆಯ ಪೆನ್ನು ನಿಲ್ಲುವವರೆಗೂ ದುರುಗಪ್ಪ ಕೂತಲ್ಲಿಂದ ಏಳಲಿಲ್ಲ.