ಕೋಪದ ಕಮಾನು

ಎಲ್ಲ ಊರುಗಳಲ್ಲಿರುವಂತೆ ಆ ಊರಿನ ಬಸ್ ನಿಲ್ದಾಣದ ಬಾಗಿಲಲ್ಲೂ ರಕ್ತದಲ್ಲಿ ಉಕ್ಕುವ ಕೋಪದ ಹಾರ್ಮೋನನ್ನು ಅಳೆಯುವ ಕಮಾನು ಇತ್ತು. ಅದು ಕೂಗಿದರೆ ಗಂಡಸರನ್ನು ಆಸ್ಪತ್ರೆಗೆ ಕಳಿಸುತ್ತಿದ್ದರು. ಹೆಂಗಸರನ್ನು ಲಾಠಿಯಿಂದ ಬಡಿದು ತಣ್ಣಗಾಗಿಸುತ್ತಿದ್ದರು. ಹೋದ ವರ್ಷ ಈರಪ್ಪನನ್ನು ಕಂಡು ಕೂಗಿದಾಗ ಮೂತ್ರಪಿಂಡದ ಮೇಲಿನ ಗ್ರಂಥಿಯಲ್ಲಿ ಆ ಹಾರ್ಮೋನನ್ನು ಸುರಿಸುವ ಗಡ್ಡೆ ಸಿಕ್ಕಿತ್ತು. ಅದನ್ನು ತೆಗೆದು ಅವನನ್ನು ಬದುಕಿಸಿದ್ದರು.

ಇಂದು ಅವನ ಜೊತೆ ಬಂದಿದ್ದ ಅಕ್ಕ ದ್ಯಾಮವ್ವ ಒಳಗೆ ಕಾಲಿಟ್ಟಾಗ ಕಮಾನು ಕೂಗಿತು. ಅವಳು ಬೆವರುತ್ತಾ ಎದೆ ಹಿಡಿದುಕೊಂಡು ನಿಂತಳು. ಕಾವಲುಗಾರನ ಮೊದಲ ಏಟು ಹೆಗಲಿಗೆ ಬಿತ್ತು, ಮುಂದಿನದು ಬಾಯಿಗೆ. ರಕ್ತದ ಜೊತೆ ಹಲ್ಲೊಂದು ಉದುರಿತು. ಹೊಡೆದಷ್ಟೂ ಕಮಾನು ಜೋರಾಗಿ ಕೂಗಿತು.

"ಬಿಡ್ರೀ! ನನಗಿದ್ದ ಗಡ್ಡೀನ ಆಕಿಗೂ ಐತಿ!" ಎಂದು ಈರಪ್ಪ ಚೀರಿದ.

"ಹೆಂಗಸರಿಗೆ ಗಡ್ಡಿ ಇರಂಗಿಲ್ಲೋ, ಸೊಕ್ಕು ಇರತೈತಿ," ಎಂದು ಕಾವಲುಗಾರ ಮತ್ತೆ ಲಾಠಿ ಎತ್ತಿದ.

ಈರಪ್ಪ ಅದನ್ನು ಕಸಿದುಕೊಂಡು ಅವನ ಮೊಣಕಾಲಿಗೆ ಬೀಸಿದ. ಮೂಳೆ ಮುರಿದ ಸದ್ದು ಎಲ್ಲರಿಗೂ ಕೇಳಿಸಿತು. ಅಕ್ಕನನ್ನು ಹೆಗಲ ಮೇಲೆ ಹಾಕಿಕೊಂಡು ಅವನು ಆಸ್ಪತ್ರೆಗೆ ಓಡಿದ.

ಸಂಜೆ ಡಾಕ್ಟರು ಸ್ಕ್ಯಾನಿನಲ್ಲಿ ನಿಂಬೆಹಣ್ಣಿನ ಗಾತ್ರದ ಗಡ್ಡೆ ತೋರಿಸಿದರು. ಮಂಚದ ಪಕ್ಕದಲ್ಲೇ ಪೊಲೀಸರು ಈರಪ್ಪನಿಗೆ ಕೋಳ ತೊಡಿಸಿದರು. ದ್ಯಾಮವ್ವ ಒಡೆದ ತುಟಿಗಳನ್ನು ಕಷ್ಟಪಟ್ಟು ಅಲುಗಿಸಿದಳು.

"ತಮ್ಮಾ, ಇಷ್ಟು ದಿನ ನಾನ ಕೆಟ್ಟಾಕಿ ಅಂತ ತಿಳ್ಕೊಂಡಿದ್ದೆ."