ಅಂಚು ಒಡೆದ ಸೀಲು

ಕಂಪನಿಯ ವೆಬ್‌ಸೈಟಿನಲ್ಲಿ ಕಾರಿನ ಕ್ಯಾಮೆರಾಗಳ ಜಾಹೀರಾತು ಇರಬೇಕಾದ ಜಾಗದಲ್ಲಿ ಯಾರದೋ ಅಂಗೈ ಚಾಚಿಕೊಂಡಿತ್ತು, ಅದರ ಮೇಲೊಂದು ಕ್ಯಾಮೆರಾದ ಮುರಿದ ಕವಚ. ಕೆಳಗೆ ಪ್ಯಾಲೆಸ್ಟೀನಿನ ಹ್ಯಾಕರ್‌ಗಳು ಬರೆದಿದ್ದರು: ‘ಡ್ರೋನ್ ಹೊತ್ತು ತಂದ ಇದು ಗಾಜಾದ ನಮ್ಮ ಅಡುಗೆಮನೆಯಲ್ಲಿ ಸಿಕ್ಕಿತು. ಕಲ್ಲು ಬೀಸಿದರೆ ತಾಗುವಷ್ಟು ಹತ್ತಿರ ನೀವಿಲ್ಲ. ಅದಕ್ಕೇ ಹೀಗೆ ಬಂದೆವು.’

“ಫೇಕ್ ತಾನೆ, ಹಂಸಾ? ನೀನು ಹೂಂ ಅಂದ್ರೆ ಪೇಜ್ ತೆಗೆದುಬಿಡ್ತೀನಿ,” ಎಂದ ಐಟಿ ವಿಭಾಗದ ಋಷಭ್. ಜಪಾನಿನ ನಗೋಯಾದ ಆ ಕಾರ್ಖಾನೆಯಲ್ಲಿ ಕನ್ನಡದವರು ಅವರಿಬ್ಬರೇ. ಹಂಸಾ ಚಿತ್ರವನ್ನು ದೊಡ್ಡದು ಮಾಡಿದಳು. ಕವಚದ ಒಳಮೈಯಲ್ಲಿ ಕೆಂಪು ವೃತ್ತ, ಅದರೊಳಗೆ ಜಪಾನಿ ಅಕ್ಷರಗಳಲ್ಲಿ ಅವಳದೇ ಹೆಸರು. ತಪಾಸಣೆಯಲ್ಲಿ ಪಾಸಾದ ಪ್ರತಿ ಕವಚಕ್ಕೂ ಅವಳು ಒತ್ತುವ ಸೀಲು ಅದು. ಒಮ್ಮೆ ಕೈಜಾರಿ ಬಿದ್ದು ಎಡ ಅಂಚು ಚೂರು ಒಡೆದಿತ್ತು. ಚಿತ್ರದಲ್ಲೂ ಒಡೆದಿತ್ತು.

ಮ್ಯಾನೇಜರ್ ಮೊರಿತಾ-ಸಾನ್ ಎರಡೂ ಕೈಯಲ್ಲಿ ಒಂದು ಹಾಳೆ ಹಿಡಿದು ಬಂದರು. ಚಿತ್ರದಲ್ಲಿರುವುದು ನಮ್ಮ ಮಾಲಲ್ಲ ಎಂಬ ಒಂದೇ ಸಾಲು, ಕೆಳಗೆ ತಪಾಸಣೆ ಮಾಡಿದವರ ಸೀಲಿಗೆ ಖಾಲಿ ಜಾಗ. “ಹಂಸಾ-ಸಾನ್, ಸುಮಿಮಾಸೆನ್,” ಎಂದು ಕ್ಷಮೆ ಕೇಳುತ್ತ ತಲೆಬಾಗಿದರು.

ಹಂಸಾ ಒಲ್ಲೆ ಎನ್ನುವಂತಿರಲಿಲ್ಲ. ಜೇಬಿನಿಂದ ಸೀಲು ತೆಗೆದು ಒತ್ತಿದಳು, ಒಡೆದ ಅಂಚು ಸ್ಪಷ್ಟವಾಗಿ ಮೂಡುವಷ್ಟು ಬಿಗಿಯಾಗಿ. ಮೊರಿತಾ-ಸಾನ್ ಏನನ್ನೂ ಗಮನಿಸದೆ ವೆಬ್‌ಸೈಟಿಗೆ ಹಾಕಲೆಂದು ಹಾಳೆಯನ್ನು ಋಷಭ್ ಮುಂದಿಟ್ಟು ಹೋದರು. ಅವನು ಹಾಳೆ ನೋಡಿದ, ಪರದೆ ನೋಡಿದ. ಎರಡು ವೃತ್ತಗಳೂ ಒಂದೇ ಕಡೆ ಒಡೆದಿದ್ದವು.

“ಈಗ ಪೇಜ್ ತೆಗೀತೀಯಾ?” ಎಂದಳು ಹಂಸಾ.